ಸಾಕುಪ್ರಾಣಿ ದತ್ತು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆ

ದಿಕ್ಕಿಲ್ಲದ, ಯಾರೋ ಬಿಟ್ಟುಹೋದ ಅಥವಾ ಗಾಯಗೊಂಡು ಆಶ್ರಯ ಸೇರಿದ ಪ್ರಾಣಿಯನ್ನು ಅದರ ಆಯುಸ್ಸಿನುದ್ದಕ್ಕೂ ನೋಡಿಕೊಳ್ಳುವ ಹೊಣೆ ಹೊತ್ತು ಮನೆಗೆ ತರುವುದಕ್ಕೆ ಸಾಕುಪ್ರಾಣಿ ದತ್ತು ಎನ್ನುತ್ತಾರೆ. ಇದರಲ್ಲಿ ಕೊಡುಕೊಳ್ಳುವ ವ್ಯಾಪಾರ ಇಲ್ಲ. ‘ದತ್ತು’ ಎಂಬ ಮಾತು ಕನ್ನಡದಲ್ಲಿ ಮೊದಲಿನಿಂದ ಮಕ್ಕಳಿಗೆ ಸಲ್ಲುತ್ತಿದ್ದದ್ದು. ಪ್ರಾಣಿಗಳ ಮಟ್ಟಿಗೆ ಹಳ್ಳಿಯವರು ಈಗಲೂ ‘ತಂದು ಸಾಕಿದ್ವಿ’ ಎಂದೇ ಹೇಳುತ್ತಾರೆ. ಆ ಎರಡು ಮಾತುಗಳ ನಡುವೆ ಇರುವ ವ್ಯತ್ಯಾಸ ಒಂದೇ: ದತ್ತು ಎಂದಾಗ ಹೊಣೆ ಒಬ್ಬರ ಹೆಸರಿಗೆ ಬರೆಯಲ್ಪಡುತ್ತದೆ.

ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳು ಮಳೆ ನಂಬಿದ ಬಯಲುಸೀಮೆ. ತುಂಗಭದ್ರೆಯ ದಂಡೆಗೆ ಹಡಗಲಿ ಮತ್ತು ಹರಪನಹಳ್ಳಿಯ ಅಂಚು ತಾಗಿದೆ. ಕೂಡ್ಲಿಗಿ, ಕೊಟ್ಟೂರು ಕಡೆಗೆ ಬಂದರೆ ಕುರುಚಲು ಗುಡ್ಡ, ಜೋಳ, ಮೆಕ್ಕೆಜೋಳ, ಶೇಂಗಾ. ಆಡಳಿತದ ಗೆರೆಗಳು ಇಲ್ಲಿ ಹಲವು ಸಲ ಬದಲಾಗಿವೆ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, 2018ರಲ್ಲಿ ಮರಳಿ ಬಂತು. ಕೂಡ್ಲಿಗಿಯ ಭಾಗವಾಗಿದ್ದ ಕೊಟ್ಟೂರು ಪ್ರತ್ಯೇಕ ತಾಲ್ಲೂಕಾಯಿತು. 2021ರಲ್ಲಿ ಎಲ್ಲವೂ ಹೊಸ ಜಿಲ್ಲೆ ಸೇರಿದವು. ಗೆರೆ ಎಲ್ಲಿದ್ದರೂ ಕುರಿ, ದನ, ನಾಯಿಗಳೊಂದಿಗೆ ಜನ ಬಾಳುವ ರೀತಿ ಈ ಐದೂ ಕಡೆ ಹೆಚ್ಚುಕಡಿಮೆ ಒಂದೇ.

ಕಾಗದವಿಲ್ಲದ ದತ್ತು

ಈ ಸೀಮೆಯಲ್ಲಿ ಪ್ರಾಣಿಯ ಹೊಣೆಯನ್ನು ಊರು, ಓಣಿ, ಹಟ್ಟಿ ಹೊರುವ ಪದ್ಧತಿ ಹಳೆಯದು. ಕೂಡ್ಲಿಗಿ ತಾಲ್ಲೂಕಿನಲ್ಲಿ, ಪಕ್ಕದ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಮ್ಯಾಸ ನಾಯಕ ಸಮುದಾಯದ ಹಟ್ಟಿಗಳು ಕಾಪಾಡಿಕೊಂಡು ಬಂದ ದೇವರ ಎತ್ತುಗಳು ಇದಕ್ಕೆ ಬಹುದೊಡ್ಡ ಉದಾಹರಣೆ. ದೇವರಿಗೆ ಬಿಟ್ಟ ಈ ದನಗಳಿಗೆ ನೊಗ ಹೂಡುವುದಿಲ್ಲ, ಮಾರುವುದಿಲ್ಲ. ಹಿಂಡನ್ನು ಕಾಯಲು ಕಿಲಾರಿ ಇರುತ್ತಾನೆ. ಅವನು ಹಿಂಡಿನ ಜೊತೆಗೇ ಅಡವಿಯಲ್ಲಿ ಉಳಿಯುತ್ತಾನೆ, ಒಂದೊಂದು ಎತ್ತನ್ನೂ ಗುರುತಿಟ್ಟು ಕರೆಯುತ್ತಾನೆ. ಬರ ಬಿದ್ದ ವರ್ಷ ಮೇವಿಗಾಗಿ ಹಟ್ಟಿಯವರು ಊರೂರು ತಿರುಗುತ್ತಾರೆ, ದಾನಿಗಳು ಲಾರಿಯಲ್ಲಿ ಹುಲ್ಲು ಕಳಿಸುತ್ತಾರೆ. ದುಡಿಮೆಗೂ ಹಾಲಿಗೂ ಅಲ್ಲದ ಜೀವವನ್ನು ಒಂದು ಸಮುದಾಯ ತಲೆಮಾರುಗಟ್ಟಲೆ ಹೊತ್ತು ಬಂದಿರುವುದು ಸಣ್ಣ ಸಂಗತಿಯಲ್ಲ. ಆಶ್ರಯ ಕೇಂದ್ರ ಎಂಬ ಹೆಸರಿಲ್ಲದಿದ್ದರೂ ಕೆಲಸ ಅದೇ.

ನಾಯಿಯ ವಿಷಯ ಬೇರೆ. ಕುರಿಗಾರರ ಹಿಂಡಿಗೆ ನಾಯಿ ಬೇಕೇ ಬೇಕು. ತೋಳ, ಚಿರತೆ ಇರುವ ಕಾಡಂಚಿನಲ್ಲಿ ರಾತ್ರಿ ಹೊಲದಲ್ಲಿ ಕುರಿ ತರುಬಿದಾಗ ಮೊದಲು ಎಚ್ಚರಗೊಳ್ಳುವುದು ಅದೇ. ಆ ನಾಯಿಯನ್ನು ಯಾರೂ ದುಡ್ಡು ಕೊಟ್ಟು ತಂದಿರುವುದಿಲ್ಲ. ಪರಿಚಯದ ಹಟ್ಟಿಯಲ್ಲಿ ನಾಯಿ ಈದಿದೆ ಎಂದು ಗೊತ್ತಾದರೆ ಕಣ್ಣು ಬಿಟ್ಟ ಮರಿಗಳಲ್ಲಿ ಒಂದನ್ನು ಕಂಬಳಿಯ ಮಡಿಲಲ್ಲಿ ಇಟ್ಟುಕೊಂಡು ಬರುತ್ತಾರೆ. ಊರೊಳಗೆ ಇರುವುದು ಓಣಿ ನಾಯಿ. ಒಂದು ಮನೆಯ ಮುಂದೆ ಮಲಗುತ್ತದೆ, ಇನ್ನೊಂದು ಮನೆಯ ರೊಟ್ಟಿ ತಿನ್ನುತ್ತದೆ, ಮೂರನೆಯ ಮನೆಯ ಹುಡುಗರು ಅದಕ್ಕೆ ಹೆಸರಿಟ್ಟಿರುತ್ತಾರೆ. ಹೊಸಬರು ಬಂದರೆ ಇಡೀ ಓಣಿಗಾಗಿ ಬೊಗಳುತ್ತದೆ.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ನಾಯಿಗೆ ಇರುವ ಸ್ಥಾನ ಇನ್ನೂ ಎತ್ತರದ್ದು. ಅಲ್ಲಿಯ ದೇವರು ಮೈಲಾರಲಿಂಗನ ಪರಿವಾರದಲ್ಲಿ ಕುದುರೆಯ ಜೊತೆ ನಾಯಿಯೂ ಇದೆ. ಭರತ ಹುಣ್ಣಿಮೆಯ ಆಸುಪಾಸಿನ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ಕಾರಣಿಕ ಎಂಬ ಭವಿಷ್ಯವಾಣಿ ನುಡಿಯುವುದನ್ನು ರಾಜ್ಯವೆಲ್ಲ ಕೇಳುತ್ತದೆ. ದೋಣಿ ಸೇವೆಯನ್ನು ಹತ್ತಿರದಿಂದ ನೋಡಿದವರು ಕಡಿಮೆ. ಕರಿ ಕಂಬಳಿ ಹೊದ್ದ ಗೊರವಯ್ಯಗಳು ದೋಣಿ ಎಂಬ ಮರದ ಬಟ್ಟಲಿನಲ್ಲಿ ಹಾಲು, ತುಪ್ಪ, ಬಾಳೆಹಣ್ಣು ಕಲಸಿ ಇಟ್ಟು, ಮೊಣಕಾಲೂರಿ, ಗುರ್ರೆನ್ನುತ್ತ, ಒಬ್ಬರನ್ನೊಬ್ಬರು ಬೊಗಳಿ ತಳ್ಳುತ್ತ ಬಾಯಿಂದಲೇ ತಿನ್ನುತ್ತಾರೆ. ಆ ಹೊತ್ತಿನಲ್ಲಿ ಅವರು ದೇವರ ನಾಯಿಗಳು. ‘ನಾಯಿ’ ಎಂದು ಬೈಯುವ ನಾಲಿಗೆಯೇ ಇಲ್ಲಿ ನಾಯಿಯಾಗುವುದನ್ನು ಭಕ್ತಿ ಎಂದು ಒಪ್ಪಿಕೊಂಡಿದೆ.

ಪಡೆದು ಸಾಕಿದ ನಾಯಿಯೊಂದರ ಹಳೆಯ ದಾಖಲೆ ಕನ್ನಡ ಶಾಸನದಲ್ಲೇ ಸಿಗುತ್ತದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ, ಕ್ರಿ.ಶ. 949–50ರ ಶಾಸನದ ಪ್ರಕಾರ, ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರ ಎಂಬ ವೀರನಿಗೆ ಅರಸ ಬೇಕಾದ್ದನ್ನು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ದೊಡ್ಡ ಹಂದಿಯೊಂದರ ಜೊತೆ ಹೋರಾಡಿತು, ಎರಡೂ ಸತ್ತವು. ನಾಯಿಯ ಹೆಸರಿನಲ್ಲಿ ಕಲ್ಲು ನಿಂತಿತು, ಅದರ ಪೂಜೆಗೆ ಭೂಮಿ ಬಿಡಲಾಯಿತು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನ ಮೇಲ್ಭಾಗದಲ್ಲಿ ನಾಯಿ ಮತ್ತು ಹಂದಿ ಎದುರೆದುರು ಸೆಣಸುತ್ತಿವೆ.

ಮೂರು ಬಗೆಯ ದತ್ತು

ಇಂದು ಒಂದೇ ಪದದಿಂದ ಕರೆಯುವ ಮೂರು ಬೇರೆ ಬೇರೆ ಏರ್ಪಾಡುಗಳನ್ನು ಬಿಡಿಸಿ ನೋಡಬೇಕು.

ಮೊದಲನೆಯದು ಪೋಷಣೆಯ ಖರ್ಚು ಕೊಡುವ ದತ್ತು. ಕರ್ನಾಟಕ ಸರ್ಕಾರ 2022ರ ಜುಲೈನಲ್ಲಿ ಆರಂಭಿಸಿದ ಪುಣ್ಯಕೋಟಿ ದತ್ತು ಯೋಜನೆಯಲ್ಲಿ ವರ್ಷಕ್ಕೆ 11,000 ರೂಪಾಯಿ ಕೊಟ್ಟವರ ಹೆಸರಿಗೆ ಗೋಶಾಲೆಯ ಒಂದು ಹಸುವಿನ ಪೋಷಣೆ ನಿಗದಿಯಾಗುತ್ತಿತ್ತು. ಹಸು ಗೋಶಾಲೆಯಲ್ಲೇ ಇರುತ್ತಿತ್ತು. ಮೈಸೂರು ಮೃಗಾಲಯದಲ್ಲಿ 2001ರಿಂದ ನಡೆದುಬಂದಿರುವ ಪ್ರಾಣಿ ದತ್ತು ಸ್ವೀಕಾರವೂ ಇದೇ ಜಾತಿಯದು. ಇದೇ ಜಿಲ್ಲೆಯ ಕಮಲಾಪುರದ ಅಟಲ್ ಬಿಹಾರಿ ವಾಜಪೇಯಿ ಪ್ರಾಣಿಸಂಗ್ರಹಾಲಯವೂ ಮೈಸೂರಿನದರಂತೆಯೇ ರಾಜ್ಯದ ಮೃಗಾಲಯ ಪ್ರಾಧಿಕಾರದ ಅಡಿಯಲ್ಲಿದೆ. ಆದರೆ ಈ ಐದು ತಾಲ್ಲೂಕುಗಳ ರೈತನಿಗೆ ಗೋಶಾಲೆ ಎಂದರೆ ನೆನಪಾಗುವುದು ಬರಗಾಲ. ಕೆರೆ ಒಣಗಿ ಮೇವು ಮುಗಿದಾಗ ತಾಲ್ಲೂಕು ಆಡಳಿತ ತೆರೆಯುವ ತಾತ್ಕಾಲಿಕ ಗೋಶಾಲೆಗೆ ತನ್ನ ಎತ್ತುಗಳನ್ನು ಹೊಡೆದುಕೊಂಡು ಹೋಗಿ, ಮಳೆ ಬಿದ್ದ ಮೇಲೆ ಮರಳಿ ತಂದವನು ಅವನು. ಪ್ರಾಣಿಯನ್ನು ಬಿಟ್ಟುಬಿಡದೆ ಕೆಲವು ಕಾಲ ಬೇರೆಯವರ ಕೈಗೆ ಒಪ್ಪಿಸಿ ಉಳಿಸಿಕೊಳ್ಳುವ ಆ ಕ್ರಮಕ್ಕೆ ನಾಯಿ ಬೆಕ್ಕುಗಳ ಲೋಕದಲ್ಲಿ ಇನ್ನೂ ಸಾಟಿಯಾದದ್ದು ಇಲ್ಲಿ ಬೆಳೆದಿಲ್ಲ.

ಎರಡನೆಯದು ಆಶ್ರಯ ಕೇಂದ್ರದಿಂದ ಮನೆಗೆ ತರುವ ದತ್ತು. ಭಾರತದಲ್ಲಿ ಪ್ರಾಣಿದಯಾ ಸಂಘಗಳ ಚರಿತ್ರೆ 1861ರ ಕಲ್ಕತ್ತೆಯಿಂದ ಆರಂಭವಾಗುತ್ತದೆ. ಕರ್ನಾಟಕದಲ್ಲಿ ಇಂಥ ಕೇಂದ್ರಗಳು ಬೇರೂರಿದ್ದು ನಗರಗಳಲ್ಲಿ: ಬೆಂಗಳೂರಿನಲ್ಲಿ 1991ರಲ್ಲಿ ಹುಟ್ಟಿದ ಕ್ಯೂಪಾ, ಮಂಗಳೂರಿನ ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್, ಮೈಸೂರಿನ ಚಾಮುಂಡಿಬೆಟ್ಟದ ಬುಡದ ಪಿಂಜರಾಪೋಲ್. ಇಂಥ ಕೇಂದ್ರಗಳಲ್ಲಿ ದತ್ತು ಕೊಡುವ ಮೊದಲು ಮನೆಯವರೆಲ್ಲರ ಒಪ್ಪಿಗೆ ಇದೆಯೇ, ಬಾಡಿಗೆ ಮನೆಯಾದರೆ ಮಾಲೀಕರು ಒಪ್ಪುತ್ತಾರೆಯೇ, ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳುತ್ತಾರೆ. ಗುರುತಿನ ಚೀಟಿ ಪಡೆದು ಒಪ್ಪಂದಕ್ಕೆ ಸಹಿ ಹಾಕಿಸುತ್ತಾರೆ. ಮರಿ ವಯಸ್ಸಿಗೆ ಬಂದ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ಮಾತು ತೆಗೆದುಕೊಳ್ಳುತ್ತಾರೆ. ಮೊದಲ ಸಲ ಹೋದವರಿಗೆ ಈ ವಿಚಾರಣೆ ಅತಿಯಾಯಿತು ಅನ್ನಿಸಬಹುದು. ಆದರೆ ಒಮ್ಮೆ ಬೀದಿಪಾಲಾದ ಪ್ರಾಣಿ ಇನ್ನೊಮ್ಮೆ ಬೀದಿಗೆ ಬೀಳಬಾರದು. ಅಷ್ಟು ಪ್ರಶ್ನೆಗಳು ನ್ಯಾಯವೇ. 2022ರ ಜೂನ್‌ನಲ್ಲಿ ತೆರೆಕಂಡ ಕಿರಣ್‌ರಾಜ್ ನಿರ್ದೇಶನದ ‘777 ಚಾರ್ಲಿ’ ಚಿತ್ರ, ನಾಯಿಯನ್ನು ಲಾಭಕ್ಕಾಗಿ ಹೆರಿಸುವವರ ಕ್ರೌರ್ಯವನ್ನೂ ದತ್ತು ಎಂಬ ಮಾತನ್ನೂ ಸಣ್ಣ ಊರುಗಳ ಚಿತ್ರಮಂದಿರದವರೆಗೆ ತಂದಿತು.

ಮೂರನೆಯದು ಬೀದಿಯಿಂದಲೇ ಪಡೆಯುವ ದತ್ತು. ಈ ತಾಲ್ಲೂಕುಗಳಿಗೆ ಹೊಂದುವುದು ಇದೇ. ಮನೆ ಮುಂದೆ ಬಂದು ಮಲಗುವ ಮರಿಯನ್ನು ಒಳಗೆ ಕರೆದುಕೊಳ್ಳಲು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಅನ್ನ ಹಾಕುವ ಕೈಗಳು ಇಲ್ಲಿ ಬೇಕಾದಷ್ಟಿವೆ. ಕೊರತೆಯಿರುವುದು ಲಸಿಕೆ ಹಾಕಿಸುವ, ಶಸ್ತ್ರಚಿಕಿತ್ಸೆಗೆ ಹೊತ್ತೊಯ್ಯುವ, ಕಚ್ಚಿದರೆ ‘ಇದು ನಮ್ಮ ನಾಯಿ’ ಎಂದು ಮುಂದೆ ಬಂದು ನಿಲ್ಲುವ ಒಬ್ಬ ವ್ಯಕ್ತಿಯದು. ಹತ್ತು ಮನೆಯ ನಾಯಿಗೆ ಜ್ವರ ಬಂದ ದಿನ ಅದು ಯಾರ ಮನೆಯ ನಾಯಿಯೂ ಆಗಿರುವುದಿಲ್ಲ.

ಕಾನೂನು

ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂದದ್ದು 1960ರಲ್ಲಿ. ರುಕ್ಮಿಣಿದೇವಿ ಅರುಂಡೇಲ್ ಅವರ ಮುಂದಾಳತ್ವದಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 1962ರಲ್ಲಿ ಸ್ಥಾಪನೆಯಾಯಿತು. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗೆ ಈಡಾಗುವಂತೆ ಬಿಟ್ಟುಹೋಗುವುದು ಈ ಕಾಯ್ದೆಯಡಿ ಅಪರಾಧ. ಆದರೆ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ, ಅಷ್ಟೇ. ಅರವತ್ತು ವರ್ಷಗಳಿಗೂ ಮೀರಿ ಈ ಮೊತ್ತ ಏರದೆ ಉಳಿದಿರುವುದು ನೋವಿನ ಸಂಗತಿ. ವಿಷ ಹಾಕಿ ಕೊಲ್ಲುವುದು, ಅಂಗ ಊನ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಐದು ವರ್ಷದವರೆಗೆ ಸೆರೆಗೆ ಗುರಿಮಾಡಬಲ್ಲ ಅಪರಾಧ.

2001ರ ನಿಯಮಗಳ ಜಾಗಕ್ಕೆ ಬಂದ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಬೀದಿನಾಯಿಯನ್ನು ‘ಸಮುದಾಯ ಪ್ರಾಣಿ’ ಎಂದು ಕರೆದವು. ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು ಎಂಬುದು ಅವುಗಳ ಸಾರ. ಈ ಕೆಲಸವನ್ನು ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಪಡೆದ ಸಂಸ್ಥೆಯೇ ಮಾಡಬೇಕು. ಶಸ್ತ್ರಚಿಕಿತ್ಸಾ ಕೊಠಡಿ, ನಾಯಿಗೂಡುಗಳು, ತರಬೇತಾದ ಪಶುವೈದ್ಯರು ಬೇಕು. ಮಹಾನಗರ ಪಾಲಿಕೆಗೆ ಇದು ಕಷ್ಟದ ಕೆಲಸ. ಪಟ್ಟಣ ಪಂಚಾಯಿತಿ, ಪುರಸಭೆಗಳಿಗಂತೂ ಒಂಟಿಯಾಗಿ ಹೊರಲಾರದ ಭಾರ. ಐದು ಊರುಗಳು ಸೇರಿ ಒಂದೇ ಕೇಂದ್ರ ನಡೆಸಿದರೆ ಖರ್ಚೂ ಹಂಚಿಹೋಗುತ್ತದೆ, ವೈದ್ಯರಿಗೂ ವರ್ಷವಿಡೀ ಕೆಲಸವಿರುತ್ತದೆ.

ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಕೊಟ್ಟ ಆದೇಶ ದತ್ತುವಿನ ಮಟ್ಟಿಗೆ ಮುಖ್ಯವಾದದ್ದು. ದೆಹಲಿಯ ನಾಯಿಗಳನ್ನೆಲ್ಲ ಆಶ್ರಯ ಕೇಂದ್ರಕ್ಕೆ ಸೇರಿಸಬೇಕೆಂಬ ಆಗಸ್ಟ್ 11ರ ಆದೇಶವನ್ನು ಮಾರ್ಪಡಿಸಿದ ಮೂವರು ನ್ಯಾಯಮೂರ್ತಿಗಳ ಪೀಠ, ರೇಬೀಸ್ ತಗುಲಿದ ಹಾಗೂ ಆಕ್ರಮಣಶೀಲ ನಾಯಿಗಳನ್ನು ಬಿಟ್ಟು ಉಳಿದವನ್ನು ಲಸಿಕೆ, ಶಸ್ತ್ರಚಿಕಿತ್ಸೆಯ ನಂತರ ಅವುಗಳ ಜಾಗಕ್ಕೇ ಬಿಡಬೇಕೆಂದಿತು. ಪ್ರಾಣಿಪ್ರಿಯರು ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಟ್ಟು ಬೀದಿನಾಯಿಯನ್ನು ದತ್ತು ಪಡೆಯಬಹುದು, ನಾಯಿಗೆ ಗುರುತಿನ ಟ್ಯಾಗ್ ಹಾಕಿ ಕೊಡಬೇಕು, ಅದು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಪಡೆದವರ ಹೊಣೆ ಎಂದೂ ಹೇಳಿತು. ಅದೇ ವರ್ಷ ನವೆಂಬರ್ 7ರ ಇನ್ನೊಂದು ಆದೇಶ ಶಾಲೆ ಕಾಲೇಜು, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣಗಳ ನಾಯಿಗಳನ್ನು ಆಶ್ರಯ ಕೇಂದ್ರಗಳಿಗೆ ಸಾಗಿಸಬೇಕೆಂದಿತು. ಇಲ್ಲಿಯ ಬಸ್ ನಿಲ್ದಾಣಗಳಲ್ಲಿ ಬೆಂಚಿನ ಕೆಳಗೆ ಮಲಗಿ, ಹೋಟೆಲಿನವರು ಎಸೆದದ್ದನ್ನು ತಿಂದು ಬೆಳೆದ ನಾಯಿಗಳ ಮುಂದಿನ ಗತಿ ಈ ಆದೇಶದ ಜೊತೆ ಕಟ್ಟಿಕೊಂಡಿದೆ. ಒಂದೊಂದು ನಾಯಿಗೆ ಒಂದೊಂದು ಮನೆ ಸಿಕ್ಕಷ್ಟೂ ಆ ಆಶ್ರಯ ಕೇಂದ್ರಗಳ ಇಕ್ಕಟ್ಟು ಕಡಿಮೆಯಾಗುತ್ತದೆ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 1.53 ಕೋಟಿ ಬೀದಿನಾಯಿಗಳಿದ್ದವು. ಕರ್ನಾಟಕದ ಪಾಲು 11 ಲಕ್ಷಕ್ಕೂ ಹೆಚ್ಚು.

ದತ್ತು ಪಡೆಯಲಾಗದ ಪ್ರಾಣಿಗಳೂ ಇವೆ, ಈ ಸೀಮೆಯವರು ಇದನ್ನು ತಿಳಿದಿರಬೇಕು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ 2013ರಲ್ಲಿ ಕರಡಿಧಾಮವಾಯಿತು. ಅಲ್ಲಿಯ ಹೊಲಗಳಲ್ಲಿ ತಾಯಿ ತಪ್ಪಿದ ಕರಡಿಮರಿ ಕಣ್ಣಿಗೆ ಬಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕೇ ಹೊರತು ಮನೆಗೆ ತರುವಂತಿಲ್ಲ. ಕುರುಚಲಿನಲ್ಲಿ ಸಿಗುವ ನಕ್ಷತ್ರ ಆಮೆ, ಪಂಜರದ ಗಿಣಿ, ಮಂಗನಮರಿ ಇವೆಲ್ಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಗಿಣಿ ಸಾಕುವುದು ತಪ್ಪೆಂದು ಬಹಳ ಮನೆಗಳಿಗೆ ಗೊತ್ತೇ ಇಲ್ಲ.

ಮರಿ ಮನೆಗೆ ಬಂದ ಮೇಲೆ

ಮರಿ ಕನಿಷ್ಠ ಎಂಟು ವಾರ ತಾಯಿಯ ಜೊತೆ ಇರಬೇಕು. ಕಣ್ಣು ಬಿಟ್ಟ ಕೂಡಲೇ ಕಿತ್ತು ತರುವುದು ಇಲ್ಲಿಯ ರೂಢಿ. ಹಾಗೆ ತಂದ ಮರಿಗಳಲ್ಲಿ ಬಹಳಷ್ಟು ಭೇದಿ ಹಿಡಿದು ಸಾಯುತ್ತವೆ. ಇನ್ನೊಂದು ರೂಢಿ ಇದಕ್ಕಿಂತ ಕೆಟ್ಟದ್ದು. ಗಂಡು ಮರಿಯನ್ನು ಆರಿಸಿಕೊಂಡು, ಹೆಣ್ಣು ಮರಿಗಳನ್ನು ಚೀಲದಲ್ಲಿ ಕಟ್ಟಿ ಸಂತೆಮಾಳದಲ್ಲೋ ಹೆದ್ದಾರಿಯ ಬದಿಗೋ ಬಿಟ್ಟುಬರುತ್ತಾರೆ. ಹೆಣ್ಣು ನಾಯಿ ಕಾವಲಿಗೆ ಯಾವ ರೀತಿಯಲ್ಲೂ ಕಡಿಮೆಯಲ್ಲ. ಒಂದು ಶಸ್ತ್ರಚಿಕಿತ್ಸೆ ಮಾಡಿಸಿದರೆ ವರ್ಷಕ್ಕೆರಡು ಸಲ ಮರಿ ಹಾಕುವ ಚಿಂತೆಯೂ ಇಲ್ಲ. ಆರು ತಿಂಗಳು ದಾಟಿದ ಮೇಲೆ ಅದನ್ನು ಮಾಡಿಸಬಹುದು. ಶಸ್ತ್ರಚಿಕಿತ್ಸೆಯಾದ ಬೀದಿನಾಯಿಯ ಗುರುತೆಂದರೆ ಕತ್ತರಿಸಿದ ಕಿವಿಯ ತುದಿ.

ಲಸಿಕೆಯ ಲೆಕ್ಕ ಹೀಗಿದೆ: ಆರರಿಂದ ಎಂಟು ವಾರಕ್ಕೆ ಡಿಸ್ಟೆಂಪರ್, ಪಾರ್ವೊ ಮೊದಲಾದವುಗಳ ಒಟ್ಟು ಲಸಿಕೆ, ಮೂರು ನಾಲ್ಕು ವಾರ ಬಿಟ್ಟು ಮತ್ತೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ಬೂಸ್ಟರ್ ಮತ್ತು ವರ್ಷಕ್ಕೊಮ್ಮೆ. ಜಂತುಹುಳುವಿನ ಔಷಧ ಎರಡು ವಾರದ ಮರಿಯಿಂದಲೇ ಶುರು. ತಾಲ್ಲೂಕು ಪಶು ಆಸ್ಪತ್ರೆಗೆ ಹೋಗಲಾಗದಿದ್ದಾಗ 1962 ಸಂಖ್ಯೆಗೆ ಕರೆ ಮಾಡಿದರೆ ಪಶುಸಂಜೀವಿನಿ ವಾಹನದ ಸೇವೆ ಕೇಳಬಹುದು. ಪಾರ್ವೊ ಬಂದ ಮರಿ ರಕ್ತ ಬೆರೆತ ಭೇದಿ ಮಾಡುತ್ತದೆ, ವಾಂತಿ ನಿಲ್ಲುವುದಿಲ್ಲ. ಆಗ ಮನೆಮದ್ದು ಮಾಡುತ್ತ ಕಳೆದ ಒಂದು ದಿನ ಅದರ ಜೀವಕ್ಕೆ ಎರವಾಗುತ್ತದೆ.

ರೇಬೀಸ್ ಬಗ್ಗೆ ಬಿಡಿಸಿ ಹೇಳಲೇಬೇಕು. ಜಗತ್ತಿನ ರೇಬೀಸ್ ಸಾವುಗಳಲ್ಲಿ ಮೂರನೇ ಒಂದಕ್ಕೂ ಹೆಚ್ಚು ಭಾರತದಲ್ಲೇ ಆಗುತ್ತವೆ, ಬಹುತೇಕ ಎಲ್ಲ ಸಾವಿಗೂ ನಾಯಿ ಕಡಿತ ಕಾರಣ. ರೋಗಲಕ್ಷಣ ಕಂಡ ಮೇಲೆ ಚಿಕಿತ್ಸೆ ಇಲ್ಲವೆಂದೇ ತಿಳಿಯಬೇಕು. ಹಳ್ಳಿಗಳಲ್ಲಿ ಗಾಯಕ್ಕೆ ಸುಣ್ಣ, ಖಾರದ ಪುಡಿ, ಅರಿಶಿನ ಮೆತ್ತುವುದು ಇನ್ನೂ ನಿಂತಿಲ್ಲ. ಇದು ಗಾಯವನ್ನು ಕೆಡಿಸುತ್ತದೆ, ವೈರಸ್ಸನ್ನು ತಡೆಯುವುದಿಲ್ಲ. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಪಡೆಯಬೇಕು, ಎಲ್ಲ ಸುತ್ತುಗಳನ್ನೂ ಮುಗಿಸಬೇಕು. ಮರಿ ಪರಚಿದ್ದನ್ನು ಮಗು ಹೇಳದೆ ಮುಚ್ಚಿಡಬಹುದು. ನಾಯಿ ತಂದ ಮನೆಯಲ್ಲಿ ಮಗುವಿಗೆ ಮೊದಲು ಕಲಿಸಬೇಕಾದದ್ದು ಬೈಗುಳದ ಭಯವಿಲ್ಲದೆ ಬಂದು ಹೇಳುವುದನ್ನು. ಒಂದು ಊರಿನ ನಾಯಿಗಳಲ್ಲಿ ಶೇಕಡ 70ಕ್ಕೆ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ.

ಊಟಕ್ಕೆ ರೊಟ್ಟಿ ಮಜ್ಜಿಗೆಯಷ್ಟೇ ಸಾಲದು. ಬೆಳೆಯುವ ಮರಿಗೆ ಮೊಟ್ಟೆ, ಬೇಯಿಸಿದ ಮಾಂಸದ ಚೂರು ಬೇಕು. ಆಕಳ ಹಾಲು ಹೆಚ್ಚಾದರೆ ಹೊಟ್ಟೆ ಕೆಡುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ಕೊಡಬಾರದು, ಬೇಯಿಸಿದ ಕೋಳಿ ಎಲುಬೂ ಬೇಡ. ಏಪ್ರಿಲ್ ಮೇ ತಿಂಗಳ ಬಿಸಿಲಿಗೆ ತಗಡಿನ ಚಪ್ಪರದ ಕೆಳಗೆ ಕಟ್ಟಿದ ನಾಯಿ ನರಳಿ ಸಾಯಬಹುದು. ಬೇವಿನ ನೆರಳು, ಮಣ್ಣಿನ ಬೋಗುಣಿಯಲ್ಲಿ ದಿನಕ್ಕೆ ಮೂರು ನಾಲ್ಕು ಸಲ ಬದಲಿಸಿದ ನೀರು ಇರಬೇಕು. ಕುರಿರೊಪ್ಪದ ಹತ್ತಿರದ ನಾಯಿಗೆ ಉಣ್ಣಿ ಹತ್ತುವುದು ಸಾಮಾನ್ಯ, ಅದರಿಂದ ಬರುವ ಜ್ವರ ನಾಯಿಯನ್ನು ಕೊಲ್ಲಬಲ್ಲದು. ಕಿವಿಯ ಒಳಗೆ, ಬೆರಳ ಸಂದಿನಲ್ಲಿ ವಾರಕ್ಕೊಮ್ಮೆ ಕೈಯಾಡಿಸಿ ನೋಡಬೇಕು.

ಬೆಕ್ಕಿನ ದತ್ತು ಸುಲಭ. ಜೋಳದ ಚೀಲ ಇರುವ ಪ್ರತಿ ಮನೆಗೂ ಇಲಿಯ ಕಾಟವಿದೆ, ಬೆಕ್ಕು ತಾನಾಗಿಯೇ ಬಂದು ಸೇರುತ್ತದೆ. ಲಸಿಕೆ, ಶಸ್ತ್ರಚಿಕಿತ್ಸೆ ಅದಕ್ಕೂ ಬೇಕು.

ಬೀದಿಯಿಂದ ಬಂದ ದೊಡ್ಡ ನಾಯಿಗೆ ಹೊಂದಿಕೊಳ್ಳಲು ಹೆಚ್ಚು ದಿನ ಹಿಡಿಯುತ್ತದೆ. ಮೊದಲ ಮೂರು ದಿನ ಮೂಲೆ ಹಿಡಿದು ಕೂರುತ್ತದೆ, ಗೋಣಿಚೀಲದ ಮೇಲೆ ಹಾಸಿದ ಹಳೆ ಕಂಬಳಿ ಬಿಟ್ಟು ಕದಲುವುದಿಲ್ಲ. ಇಟ್ಟ ಅನ್ನ ಯಾರೂ ನೋಡದಾಗ ಮಾತ್ರ ಖಾಲಿಯಾಗುತ್ತದೆ. ನಾಲ್ಕನೆಯದೋ ಐದನೆಯದೋ ದಿನ, ಬಾಗಿಲ ಸಪ್ಪಳಕ್ಕೆ ತಲೆ ಎತ್ತಿ ಕಿವಿ ನಿಮಿರಿಸುತ್ತದೆ. ಒಂದು ಸಂಜೆ ಹೊರಗೆ ಸೈಕಲ್ ಬಂದ ಸದ್ದಿಗೆ ಮೊದಲ ಸಲ ಬೊಗಳುತ್ತದೆ. ಅಲ್ಲಿಂದ ಮುಂದೆ ಅದು ಆ ಮನೆಯದು.

ಈ ಐದು ತಾಲ್ಲೂಕುಗಳಲ್ಲಿ ದತ್ತುವಿಗೆ ಇರುವ ದೊಡ್ಡ ತೊಡಕು ಗುಳೆ. ಮಳೆ ಕೈಕೊಟ್ಟ ವರ್ಷ ಕುಟುಂಬಕ್ಕೆ ಕುಟುಂಬವೇ ಬೆಂಗಳೂರಿನ ಕಟ್ಟಡ ಕೆಲಸಕ್ಕೋ, ಮಂಡ್ಯದ ಕಬ್ಬಿಗೋ, ಮಲೆನಾಡಿನ ಕಾಫಿತೋಟಕ್ಕೋ ಹೊರಡುತ್ತದೆ. ಪಾತ್ರೆ, ಹಾಸಿಗೆ, ಮಕ್ಕಳು ವಾಹನ ಏರುತ್ತವೆ. ನಾಯಿ ಊರಾಚೆಯವರೆಗೆ ಓಡಿಬಂದು, ಮರಳಿ ಬೀಗ ಹಾಕಿದ ಬಾಗಿಲ ಮುಂದೆ ಮಲಗುತ್ತದೆ. ಬಿಟ್ಟುಹೋದವರಿಗೆ ಸಂಕಟವಾಗುವುದಿಲ್ಲ ಎಂದು ಯಾರೂ ಹೇಳಲಾಗದು. ಅವರಿಗೆ ಬೇರೆ ದಾರಿಯಿಲ್ಲ. ಹಾಗಾಗಿ ಇಲ್ಲಿ ದತ್ತು ಪತ್ರದಲ್ಲಿ ಒಂದಲ್ಲ, ಎರಡು ಹೆಸರು ಇರುವುದು ಒಳ್ಳೆಯದು: ತಂದವರದು, ಅವರು ಗುಳೆ ಹೋದಾಗ ಊರಲ್ಲೇ ಉಳಿಯುವ ಇನ್ನೊಬ್ಬರದು. ಬಹಳ ಮನೆಗಳಲ್ಲಿ ಹಿಂದೆ ಉಳಿಯುವವಳು ಅಜ್ಜಿ. ಲಸಿಕೆ ಚೀಟಿಯನ್ನು ರೇಷನ್ ಕಾರ್ಡಿನ ಜೊತೆ ಅವಳ ಕೈಗೆ ಕೊಟ್ಟು, ಮುಂದಿನ ಚುಚ್ಚುಮದ್ದಿನ ದಿನವನ್ನು ಕ್ಯಾಲೆಂಡರಿನಲ್ಲಿ ಸುತ್ತುಹಾಕಿ ಹೋಗಬೇಕು.